ಮೂರನೇ ಬಾಟಲಿ

ಕುದಿಸಿ ಆರಿಸಿದ ನಲ್ಲಿ ನೀರಿನಲ್ಲಿ ಮೂರು ಜಾತಿಯ ಮೀನುಗಳಿವೆ ಎಂದು ಪ್ರಯೋಗಾಲಯದ ವರದಿ ಹೇಳಿದ ಗುರುವಾರ ಪ್ರಿಸ್ಕಾ ಊಟದ ತಟ್ಟೆಯನ್ನು ಹಾಗೇ ಮುಚ್ಚಿಟ್ಟಳು. ಅದೇ ನಲ್ಲಿಯ ನೀರನ್ನು ಅವಳ ಮಗಳು ರೆಮಿ ಒಂಬತ್ತು ವರ್ಷದಿಂದ ಕುಡಿಯುತ್ತಿದ್ದಾಳೆ. ಮೀನೇ ಇದೆ ಅಂದಮೇಲೆ ಇನ್ನೇನೇನು ಇರಬಹುದು? ಕಳೆದ ತಿಂಗಳು ಮಗುವಿಗೆ ಹೊಟ್ಟೆನೋವು ಬಂದದ್ದು ಇದರಿಂದಲೇ ಇರಬಹುದೇ? ಅವಳು ನೀರನ್ನು ಎರಡೆರಡು ಸಲ ಕುದಿಸಿದಳು. ಗಂಡನ ಹೊಸ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದಳು. ಸೋಸಿದ ಪಂಚೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

“ಏನಮ್ಮಾ ಸೊಸೆ, ನೀರಿಗೆ ಒಗ್ಗರಣೆ ಯಾವಾಗ ಹಾಕ್ತೀಯಾ?” ಎಂದಳು ಅತ್ತೆ ಅಮಲೋರ್ಪವಮ್, ಅಂಗಳದಿಂದಲೇ.

“ನೀರಲ್ಲಿ ಮೀನಿದೆಯಂತೆ ಅತ್ತೆ.”

“ಒಳ್ಳೇದೇ ಆಯ್ತು ಬಿಡು. ಇನ್ಮೇಲೆ ನನ್ನ ಮಗ ಕಡಲಿಗೆ ಹೋಗೋದೇ ಬೇಡ, ನಲ್ಲಿ ಕೆಳಗೆ ಬಲೆ ಹಿಡ್ಕೊಂಡು ಕೂತ್ಕೊಳ್ಳಲಿ.”

ಚಿಂತೆ ಪ್ರಿಸ್ಕಾಳಿಗೆ ಹೊಸದಲ್ಲ. ಮದುರೆಯಲ್ಲಿ ಬಸ್ ಕಂಡಕ್ಟರನ ಮಗಳಾಗಿ ಬೆಳೆದವಳು, ಮದುವೆ ಗೊತ್ತಾಗುವವರೆಗೆ ಕಡಲನ್ನೇ ಕಂಡವಳಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದ್ದಳು. ಶಾರ್ಕಿನ ಮಿದುಳಿನ ಚಿತ್ರ ಬರೆದು ಪೂರ್ತಿ ಅಂಕ ತೆಗೆದಿದ್ದಳು. ಅಂಥವಳು ಮೀನುಗಾರರ ಊರು ಮುತ್ತುಮುನೈಗೆ ಸೊಸೆಯಾಗಿ ಬಂದ ವಾರ, ಅತ್ತೆ ಬುಟ್ಟಿಯನ್ನು ಮುಂದಿಟ್ಟು “ಇದ್ಯಾವ ಮೀನು ಹೇಳು” ಎಂದಾಗ, ಬುಟ್ಟಿಯೊಳಗಿದ್ದ ಮರಿ ಶಾರ್ಕನ್ನೇ ಗುರುತಿಸಲಾರದೆ ಬೆಬ್ಬೆಬ್ಬೆ ಎಂದಿದ್ದಳು. “ಒಳಗಡೆದೆಲ್ಲಾ ಗೊತ್ತು, ಹೊರಗಡೆದು ಗೊತ್ತಿಲ್ಲ” ಎಂದು ಅಮಲೋರ್ಪವಮ್ ಬೀದಿಗೆಲ್ಲ ಹೇಳಿಕೊಂಡು ನಕ್ಕಳು. ಆ ಮಾತು ಈಗಲೂ ಬೀದಿಯಲ್ಲಿದೆ.

ಗಂಡ ಇಗ್ನಾಸಿ ದೋಣಿ ಹತ್ತಿದ ದಿನ, ದೋಣಿ ಚುಕ್ಕಿಯಾಗಿ ಮಾಯವಾಗುವವರೆಗೆ ಅವಳು ದಡದಲ್ಲಿ ನಿಲ್ಲುತ್ತಿದ್ದಳು. ರೆಮಿ ಒಂದು ಸಲ ಕೆಮ್ಮಿದರೆ ಎದೆಗೆ ಕಿವಿ ಇಟ್ಟು ಕೇಳುತ್ತಿದ್ದಳು. ಪ್ರಿಸ್ಕಾಳನ್ನು ರೇಡಿಯೋಗೆ ಕರೆದುಕೊಂಡು ಹೋದದ್ದೂ ಈ ಚಿಂತೆಯೇ. ಮೀನುಗಾರರ ಸಹಕಾರ ಸಂಘ ಹಳೇ ಐಸ್ ಕೋಣೆಯಲ್ಲಿ ಸಣ್ಣದೊಂದು ಬಾನುಲಿ ಕೇಂದ್ರ ತೆರೆದಿತ್ತು. ಬಲೆ ಹೆಣೆಯುವ ಚಪ್ಪರದ ಕಂಬಕ್ಕೆ ಅದರ ಧ್ವನಿವರ್ಧಕ ಕಟ್ಟಿದ್ದರು. ಅದರ ಸದ್ದಿಗೆ ಎಳೆಕೂಸು ರೆಮಿ ಬೆಚ್ಚಿ ಏಳುತ್ತಿತ್ತು. ಒಂದು ದಿನ ಪ್ರಿಸ್ಕಾ ಕೂಸನ್ನು ಸೊಂಟಕ್ಕೇರಿಸಿಕೊಂಡು ಹೋಗಿ, ಸಂಘದ ಕಾರ್ಯದರ್ಶಿ ಪಾಕ್ಯನಾಥನ್ ಅಣ್ಣಾಚ್ಚಿಯ ಮುಂದೆ ನಿಂತು ಅರ್ಧ ಗಂಟೆ ಕೂಗಾಡಿದಳು. ಮನುಷ್ಯನ ಕಿವಿಯ ತಮಟೆ ಎಷ್ಟು ತೆಳು, ಎಷ್ಟು ಸದ್ದಿಗೆ ಏನಾಗುತ್ತದೆ ಎಲ್ಲವನ್ನೂ ಹೇಳಿದಳು. ಬಲೆ ಹೆಣೆಯುತ್ತಿದ್ದವರೆಲ್ಲ ಸೂಜಿ ಕೆಳಗಿಟ್ಟು ಕೇಳಿದರು.

“ಇಷ್ಟು ಚೆನ್ನಾಗಿ ಜಗಳ ಆಡ್ತೀಯಲ್ಲಮ್ಮಾ,” ಎಂದರು ಅಣ್ಣಾಚ್ಚಿ. “ಒಳಗೆ ಬಾ, ಮೈಕಿನ ಮುಂದೆ ಆಡು.”

ಹಾಗೆ ಶುರುವಾದದ್ದು ಶನಿವಾರ ಬೆಳಿಗ್ಗೆ ಹತ್ತರ ‘ಯಾಕಂತೆ, ಹೇಗಂತೆ’. ಊರಿನ ಶಾಲೆಯ ಮಕ್ಕಳೇ ಅದರ ಕೇಳುಗರು, ಮಾತುಗಾರರು ಎಲ್ಲ. ಮೀನಿನ ವಾಸನೆ ಇನ್ನೂ ಬಿಡದ, ದಪ್ಪ ಗೋಡೆಯ ಆ ಕೋಣೆಯಲ್ಲಿ ಕುಳಿತು ಅವಳು ಪಠ್ಯಪುಸ್ತಕಕ್ಕೆ ಇನ್ನೂ ಬಾರದ ಸಂಗತಿಗಳನ್ನೇ ಹುಡುಕಿ ಹೇಳಿದಳು. ಆಕಾಶದಿಂದ ಕಡಲಿನ ಬಿಸಿ ಅಳೆಯುವುದು ಹೇಗೆ, ಯಂತ್ರಕ್ಕೆ ಮನುಷ್ಯನ ದನಿ ಗುರುತು ಸಿಗುವುದು ಹೇಗೆ. “ಇದೆಲ್ಲಾ ಸಿಲಬಸ್ಸಲ್ಲಿ ಇಲ್ಲ, ಮಕ್ಕಳ ತಲೆ ಕೆಡಿಸ್ತೀಯಾ” ಎಂದು ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಒಮ್ಮೆ ಗದರಿದ್ದರು. “ಸಿಲಬಸ್ಸಿಗೆ ಬರೋ ಹೊತ್ತಿಗೆ ಇವರೆಲ್ಲಾ ದೋಣಿ ಹತ್ತಿರ್ತಾರೆ ಸಿಸ್ಟರ್” ಎಂದು ಉತ್ತರ ಕೊಟ್ಟು ಬಂದವಳು, ಮನೆಗೆ ಬಂದು ‘ಯಾಕೆ ಹಾಗಂದೆ, ರೆಮಿಯನ್ನು ಶಾಲೆಯಿಂದ ತೆಗೆದುಬಿಟ್ಟರೆ’ ಎಂದು ವಾರವಿಡೀ ನರಳಿದಳು. ಮಾತನ್ನು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

ಈ ಸಲದ ಸಂಗತಿ ಕಡಲಿನ ನೀರಿನದು. “ನಿಮ್ಮ ಮನೆಗೆ ಯಾರು ಬಂದು ಹೋದ್ರು ಅಂತ ಬಾಚಣಿಗೆ ನೋಡಿ ಹೇಳಬಹುದಲ್ವಾ?” ಎಂದು ಅವಳು ಮೈಕಿನಲ್ಲಿ ಕೇಳಿದ್ದಳು. “ಉದ್ದ ಕೂದಲು ಚಿಕ್ಕಮ್ಮಂದು, ಬಿಳಿ ಕೂದಲು ಅಜ್ಜಿದು. ಕಡಲೂ ಅಂಥದೇ ಒಂದು ಬಾಚಣಿಗೆ. ಮೀನು ಈಜ್ಕೊಂಡು ಹೋಗುತ್ತೆ. ಅದರ ಲೋಳೆ, ಹುರುಪೆಯ ಚೂರು ನೀರಲ್ಲೇ ಉಳಿಯುತ್ತೆ. ಆ ಚೂರೊಳಗೆ ಡಿಎನ್‌ಎ ಅಂತ ಅದರ ಗುರುತು ಇರುತ್ತೆ. ಒಂದು ಬಾಟಲಿ ನೀರು ಸಾಕು, ಯಾರ್ಯಾರು ಬಂದು ಹೋದ್ರು ಅಂತ ಈಗ ಓದಬಹುದು. ಬಲೆನೂ ಬೇಡ, ಗಾಳಾನೂ ಬೇಡ.”

ಇಂಥ ಕಾರ್ಯಕ್ರಮಗಳಿಗೆ ನೆರವಾಗುವ ಚೆನ್ನೈನ ಸಂಸ್ಥೆಯೊಂದು ಬಾಟಲಿಗಳನ್ನು ಕಳಿಸಿತು. ಮಕ್ಕಳು ನೀರು ತುಂಬಿ ಕಳಿಸಿದರೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದಾಗಿ ಒಪ್ಪಿತು. ಎಂಟು ಮಕ್ಕಳು ಎದೆಮಟ್ಟ ನೀರಿಗಿಳಿದು ಒಂದು ಬಾಟಲಿ ತುಂಬಿದರು. ಅಳಿವೆಯಲ್ಲಿ ಇನ್ನೊಂದು. ಮೂರನೆಯದಕ್ಕೆ ಕುದಿಸಿ ಆರಿಸಿದ ನಲ್ಲಿ ನೀರು. ಅದರಲ್ಲಿ ಏನೂ ಸಿಗಬಾರದು. ಸಿಕ್ಕಿದರೆ ನಮ್ಮ ಕೈಯಲ್ಲೇ ಏನೋ ತಪ್ಪಾಗಿದೆ ಎಂದು ಅರ್ಥ. ಇದನ್ನು ಹೇಳಿದಾಗ ಮಕ್ಕಳಿಗೆ ಪಿಚ್ಚೆನಿಸಿತ್ತು, ಏನೂ ಸಿಗದ ಬಾಟಲಿಯನ್ನು ಯಾಕೆ ಕಳಿಸಬೇಕು ಎಂದು. “ನಲ್ಲಿ ನೀರನ್ನ ಚೆನ್ನೈಗೆ ಕಳಿಸ್ತೀಯಾ? ಅಲ್ಲಿ ನಲ್ಲಿ ಇಲ್ವಾ?” ಎಂದು ಅಮಲೋರ್ಪವಮ್ ಕೂಡ ಹಂಗಿಸಿದ್ದಳು.

ವರದಿ ಬಂತು. ಕಡಲಿನ ಬಾಟಲಿಯಲ್ಲಿ ಹತ್ತೊಂಬತ್ತು ಜಾತಿ. ಅಳಿವೆಯಲ್ಲಿ ಹನ್ನೆರಡು. ನಲ್ಲಿ ನೀರಿನಲ್ಲಿ ಮೂರು: ನೆತ್ತಿಲಿ, ಬೂತಾಯಿ, ಮತ್ತೆ ಪಾಲ್ ಸುರಾ ಎಂಬ ಹಾಲುಶಾರ್ಕು. ಈ ಮೂರೂ ಕಡಲಿನ ಪಟ್ಟಿಯಲ್ಲೂ ಇದ್ದವು. ಕೆಳಗೆ ಪ್ರಯೋಗಾಲಯದವರು ಒಂದು ಸಾಲು ಬರೆದಿದ್ದರು: ಮೂರನೇ ಬಾಟಲಿಯನ್ನು ದಯವಿಟ್ಟು ಗಮನಿಸಿ.

ಆ ಸಾಲಿನ ಬೆನ್ನಿಗೇ ಸಂಸ್ಥೆಯ ತೇನ್‌ಮೊಳಿ ಮೇಡಂ ಫೋನ್ ಬಂತು.

“ಪ್ರಿಸ್ಕಾ, ಮೊದಲು ಕೂತ್ಕೊಳ್ಳಿ. ಕೂತ್ಕೊಂಡ್ರಾ? ಪಾಲ್ ಸುರಾ! ನಿಮ್ಮ ಕೊಲ್ಲೀಲಿ ಬಲೆಗೆ ಬಿದ್ದು ಹನ್ನೊಂದು ವರ್ಷ ಆಯ್ತಂತೆ. ಹೋಯ್ತು ಅಂದ್ಕೊಂಡಿದ್ದ ಶಾರ್ಕನ್ನ ಎಂಟು ಮಕ್ಕಳು ಒಂದು ಬಾಟಲೀಲಿ ಹಿಡ್ಕೊಟ್ಟಿದ್ದಾರೆ!”

“ಆದ್ರೆ ಮೇಡಂ, ಮೂರನೇ ಬಾಟಲೀಲೂ ಇದೆಯಲ್ಲ?”

“ಅದಾ? ಏನೋ ತಾಗಿರುತ್ತೆ. ನೀರೇನೂ ಕೆಟ್ಟಿಲ್ಲ, ಹೆದರಬೇಡಿ. ಅದೊಂದನ್ನ ಬಿಟ್ಟುಬಿಡಿ. ಎರಡು ಬಾಟಲಿ ಕಥೆ ಮಾಡಿ. ಶನಿವಾರದ ಕಾರ್ಯಕ್ರಮ ನಲವತ್ತು ಸ್ಟೇಷನ್ನಿಗೆ ಹೋಗುತ್ತೆ, ಮದುರೆಗೂ. ಮಕ್ಕಳಿಗೆ ಎಷ್ಟು ಹುಮ್ಮಸ್ಸು ಬರುತ್ತೆ ಯೋಚಿಸಿ. ಶನಿವಾರ ಬೆಳಿಗ್ಗೆ ಫೋನ್ ಮಾಡಿ ಒಂದು ಹೂಂ ಅನ್ನಿ, ಸಾಕು.”

ನಲವತ್ತು ಸ್ಟೇಷನ್. ಮದುರೆಯ ಮನೆಯಲ್ಲಿ ಅಪ್ಪ ರೇಡಿಯೋಗೆ ಕಿವಿ ಹಚ್ಚಿ ಕುಳಿತದ್ದು ಅವಳ ಕಣ್ಣಿಗೆ ಕಟ್ಟಿತು. “ನೋಡ್ತೀನಿ ಮೇಡಂ” ಎಂದಳು. ನೀರು ಕೆಟ್ಟಿಲ್ಲ ಎಂದ ಮಾತನ್ನು ಮಾತ್ರ ನಂಬದೆ, ಆ ಸಂಜೆಯೂ ಎರಡು ಸಲ ಕುದಿಸಿದಳು.

ಶುಕ್ರವಾರ ಬೆಳಿಗ್ಗೆ ರೆಮಿಗೆ ಜಡೆ ಹಾಕುತ್ತ ಕೇಳಿದಳು: “ಬಾಟಲಿ ತೊಳೆಯೋ ಕೆಲಸ ನಿಂದೇ ಅಲ್ವಾ? ಹೇಗೆ ತೊಳೆದೆ?”

“ಚೆನ್ನಾಗೇ ತೊಳೆದೆ ಅಮ್ಮಾ. ಮೂರೂ. ಬಿಸಿನೀರಲ್ಲಿ, ನೀ ಹೇಳಿದ ಹಾಗೇ. ಆಮೇಲೆ ಒಣಗಿಸಿದೆ.”

“ಎಲ್ಲಿ?”

“ಚೊಕ್ಕ ಜಾಗದಲ್ಲಿ. ಚೊಕ್ಕ ಜಾಗದಲ್ಲಿ ಒಣಗಿಸಿ ಅಂತ ನೀನೇ ರೇಡಿಯೋದಲ್ಲಿ ಹೇಳಿದ್ಯಲ್ಲ.”

“ಎಲ್ಲಿ ಅಂತ ಕೇಳ್ತಾ ಇದೀನಿ ರೆಮಿ.”

“ಅಜ್ಜಿ ಚಾಪೆ ಮೇಲೆ.”

ಪ್ರಿಸ್ಕಾಳ ಕೈಯಲ್ಲಿದ್ದ ಜಡೆ ಬಿಚ್ಚಿಕೊಂಡಿತು. ಬೈಯುವಂತೆಯೂ ಇರಲಿಲ್ಲ. ಮುತ್ತುಮುನೈಯಲ್ಲಿ ಚೊಕ್ಕ ಜಾಗ ಅಂದರೆ ಅದೇ. ಉಳಿದದ್ದೆಲ್ಲ ಮರಳು, ಕೋಳಿ, ನಾಯಿ, ಚೆಲ್ಲಿದ ಡೀಸೆಲ್. ಒಣಮೀನು ಹರವುವ ಚಾಪೆಯನ್ನು ಹೆಂಗಸರು ದಿನಕ್ಕೆ ಮೂರು ಸಲ ಗುಡಿಸುತ್ತಾರೆ, ಕಾಲು ತೊಳೆಯದೆ ಯಾರೂ ಅದನ್ನು ತುಳಿಯುವಂತಿಲ್ಲ. ತೊಳೆದ ಲೋಟ, ತಟ್ಟೆ, ಕೂಸಿನ ಹಾಲಿನ ಬಾಟಲಿ ಎಲ್ಲವೂ ಚಾಪೆಯ ಅಂಚಿನಲ್ಲಿ ಬೋರಲು ಬೀಳುತ್ತವೆ. ಬಂದ ಹೊಸದರಲ್ಲಿ ಅಸಹ್ಯಪಟ್ಟುಕೊಂಡ ಪ್ರಿಸ್ಕಾ ಕೂಡ ಈಗ ಟಿಫಿನ್ ಡಬ್ಬಿಯನ್ನು ಅಲ್ಲೇ ಕವುಚಿಡುತ್ತಾಳೆ. ನಿನ್ನೆಯೂ ಇಟ್ಟಿದ್ದಳು.

ಹೊರಗೆ ಅಮಲೋರ್ಪವಮ್ ಚಾಪೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನೆತ್ತಿಲಿ ತಿರುವಿಹಾಕುತ್ತಿದ್ದಳು.

“ಅತ್ತೆ, ಬಾಟಲಿ ಒಣಗಿಸಿದ ವಾರ, ಅದೇ ನಾದಿನಿ ಜೆಸಿಂತಾ ಹೆತ್ತ ವಾರ, ಚಾಪೇಲಿ ಏನೇನಿತ್ತು?”

“ಏನಿರುತ್ತೆ? ನೆತ್ತಿಲಿ, ಬೂತಾಯಿ. ಬಾಣಂತಿಗೆ ಹಾಲು ಬರಲಿ ಅಂತ ಕೊಳಚ್ಚಲಿಂದ ಪಾಲ್ ಸುರಾ ತರಿಸಿದ್ದೆ. ದಾರೀಲಿ ತೇವ ಹಿಡಿದಿತ್ತು, ಎರಡು ಬಿಸಿಲು ಕಾಣಿಸಿದೆ. ಯಾಕೆ, ನಿಂಗೂ ಬೇಕಿತ್ತಾ? ರೆಮಿ ಹೆತ್ತಾಗ ನೀನು ತಿಂದಿದ್ದು ಗೊತ್ತಲ್ಲ, ಮೂಗು ಹಿಡ್ಕೊಂಡು, ವಿಷ ಕುಡಿಯೋರ ಹಾಗೆ.”

ಪ್ರಿಸ್ಕಾ ಚಾಪೆಯ ಪಕ್ಕದಲ್ಲಿ ಮರಳಿನ ಮೇಲೇ ಕುಳಿತುಬಿಟ್ಟಳು. ಹನ್ನೊಂದು ವರ್ಷದಿಂದ ಕಾಣದ ಶಾರ್ಕು ಕೊಲ್ಲಿಗೆ ಬಂದೇ ಇರಲಿಲ್ಲ. ಕೊಳಚ್ಚಲಿನಿಂದ ಬಸ್ಸಿನಲ್ಲಿ ಬಂದಿತ್ತು. ಅವಳು ಇದ್ದದ್ದನ್ನೆಲ್ಲ ಅತ್ತೆಗೆ ಹೇಳಿದಳು.

ಅಮಲೋರ್ಪವಮ್ ನಕ್ಕಳು ನೋಡಿ! ಕೆಮ್ಮು ಬರುವವರೆಗೆ ನಕ್ಕಳು. “ನನ್ನ ಒಣಮೀನು ಚೆನ್ನೈ ಮಿಷನ್ನಿಗೂ ಗುರುತು ಸಿಕ್ತು ಅನ್ನು! ಈ ಊರಲ್ಲೇ ಎಷ್ಟೋ ಜನ ನಂದು ಯಾವುದು, ಪಕ್ಕದ ಮನೆ ಫಿಲೋಮಿನಾದು ಯಾವುದು ಅಂತ ತಿಳಿಯದೆ ತಿಂತಾರೆ.”

“ನಗಬೇಡಿ ಅತ್ತೆ. ಮೂರನೇ ಬಾಟಲಿ ವಿಷಯ ಹೇಳಬೇಡಿ ಅಂತಾರೆ ಅವರು. ಹೇಳಿದ್ರೆ ರೆಮಿನ ಇಡೀ ಊರು ಆಡ್ಕೊಳ್ಳುತ್ತೆ. ಹೇಳದಿದ್ರೆ ಯಾರಿಗೂ ಗೊತ್ತಾಗಲ್ಲ.”

ಅತ್ತೆ ಮೀನು ತಿರುವುತ್ತಲೇ ಇದ್ದಳು. ಚಾಪೆಯ ಮೂಲೆಯಲ್ಲಿ ಒಂದೇ ಒಂದು ನೆತ್ತಿಲಿ ಬೇರೆಯಾಗಿ ಬಿದ್ದಿತ್ತು. ನೊಣಗಳು ಅದಕ್ಕೇ ಮುತ್ತಿದ್ದವು. ಪ್ರಿಸ್ಕಾ ಹತ್ತು ವರ್ಷದಿಂದ ಅದನ್ನು ನೋಡುತ್ತಿದ್ದಳು. ಕಾಗೆಗೆ ಬಿಟ್ಟ ಪಾಲು ಅಂದುಕೊಂಡು ಸುಮ್ಮನಿದ್ದಳು. ಈಗ ನೊಣ ಓಡಿಸಲು ಕೈ ಚಾಚಿದಳು.

“ಮುಟ್ಟಬೇಡ ಅದನ್ನ!” ಅತ್ತೆ ಗದರಿದಳು. “ಅದು ಉಪ್ಪು ಹಾಕದ ಮೀನು.”

“ಯಾಕೆ ಹಾಕಿಲ್ಲ?”

“ಇನ್ನೆಂಥಾ ಓದು ಓದಿದ್ಯೇ ನೀನು? ಉಪ್ಪು ಹಿಡೀತೋ ಇಲ್ವೋ ಅಂತ ತಿಳಿಯೋದು ಹೇಗೆ ಮತ್ತೆ? ನೊಣ ಇದಕ್ಕೆ ಮುತ್ತಿ ಅವನ್ನ ಬಿಟ್ರೆ ಉಪ್ಪು ಹಿಡಿದಿದೆ. ಎರಡಕ್ಕೂ ಮುತ್ತಿದ್ರೆ ಇಡೀ ಚಾಪೆ ಗುಂಡಿಗೆ.”

“ಎರಡಕ್ಕೂ ಮುತ್ತಿದ ದಿನ ಏನ್ಮಾಡ್ತೀರಾ? ಈ ಒಂದನ್ನ ಎತ್ತಿ ಬಿಸಾಕಿದ್ರೆ ಯಾರಿಗೆ ಗೊತ್ತಾಗುತ್ತೆ?”

ಅಮಲೋರ್ಪವಮ್ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. “ಹಾಗೆ ಬಿಸಾಕೋಳು ಅದನ್ನ ಇಡೋದೇ ಯಾಕೆ?” ಎಂದು ಮತ್ತೆ ಮೀನು ತಿರುವಲು ತೊಡಗಿದಳು.

ಸಂಜೆ ಶಾಲೆ ಬಿಟ್ಟ ಮೇಲೆ ಎಂಟೂ ಮಕ್ಕಳನ್ನು ಪ್ರಿಸ್ಕಾ ಬಲೆ ಚಪ್ಪರದಲ್ಲಿ ಕೂರಿಸಿಕೊಂಡಳು. ಹೇಗೆ ಶುರುಮಾಡಲಿ ಎಂದು ಅವಳು ಯೋಚಿಸುತ್ತಿರುವಾಗಲೇ ರೆಮಿ ಎದ್ದು ನಿಂತು ಒಂದೇ ಉಸಿರಿಗೆ ಹೇಳಿಬಿಟ್ಟಳು. ಚಪ್ಪರದಲ್ಲಿ ಗದ್ದಲವೆದ್ದಿತು.

“ಒಣಮೀನು ರೆಮಿ!”

“ಇವರಜ್ಜಿ ಸತ್ತ ಸುರಾನ ಚೆನ್ನೈವರೆಗೂ ಈಜಿಸಿಬಿಟ್ರು!”

“ಎದೆವರೆಗೂ ನೀರಿಗಿಳಿದು ತಂದಿದ್ದು ನಾವು!” ಎಂದು ಬೆನಿಟಾ ಕಿರುಚಿದಳು. ಅವಳು ಏಳನೇ ತರಗತಿ, ಗುಂಪಿನಲ್ಲಿ ದೊಡ್ಡವಳು. “ಜೆಲ್ಲಿಮೀನು ಕುಟುಕಿದ್ದು ನಂಗೆ! ಎಲ್ಲಾ ಹಾಳು ಮಾಡಿದ್ಲು!”

ಮಗಳನ್ನು ಎಳೆದು ಅಪ್ಪಿಕೊಳ್ಳಬೇಕೆಂದು ಪ್ರಿಸ್ಕಾಳಿಗೆ ಅನಿಸಿತು. ಅಪ್ಪಿಕೊಳ್ಳಲಿಲ್ಲ. “ಚೊಕ್ಕ ಜಾಗ ಅಂತ ಹೇಳಿದೋಳು ನಾನು,” ಎಂದಳು. “ಯಾವುದು ಚೊಕ್ಕ ಅಂತ ಹೇಳಲಿಲ್ಲ. ನಿಮ್ಮಲ್ಲಿ ಯಾರ ಕೈಗೆ ಬಾಟಲಿ ಕೊಟ್ಟಿದ್ರೂ ಎಲ್ಲಿ ಒಣಗಿಸ್ತಿದ್ರಿ? ಹೇಳಿ ನೋಡೋಣ.”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಚಾಪೆ ಮೇಲೇ” ಎಂದಿತು ಒಂದು ಸಣ್ಣ ದನಿ.

ಆಮೇಲೆ ಚೆನ್ನೈಯವರು ಕೇಳಿದ್ದನ್ನೂ ಮುಚ್ಚಿಡದೆ ಹೇಳಿದಳು. ನಲವತ್ತು ಸ್ಟೇಷನ್ ಎಂದಾಗ ಹುಡುಗರ ಕಣ್ಣು ಅರಳಿದ್ದನ್ನು ಕಂಡಳು.

“ಅಂದ್ರೆ ಸುಳ್ಳು ಹೇಳ್ಬೇಕಾ ಅಕ್ಕಾ?” ಎಂದ ಗುಂಪಿನ ಹುಡುಗ ಲೂರ್ದು.

“ಹೇಳೋದೆಲ್ಲಾ ನಿಜಾನೇ. ಒಂದನ್ನ ಹೇಳದೆ ಬಿಡೋದು, ಅಷ್ಟೇ.”

ಬೆನಿಟಾ ಮೂಗು ಒರೆಸಿಕೊಂಡಳು. “ನಮ್ಮಪ್ಪ ನಿಮ್ಮ ಕಾರ್ಯಕ್ರಮ ದೋಣೀಲಿ ಕೂತು ಕೇಳ್ತಾರೆ. ಸುರಾ ಬಂದಿದೆ ಅಂದ್ರೆ ಸಾಕು, ದೊಡ್ಡ ಕಣ್ಣಿನ ಬಲೆ ಎತ್ಕೊಂಡು ಹೊರಡ್ತಾರೆ. ಬರಿಗೈಲಿ ವಾಪಸ್ ಬಂದು ನನ್ನ ಕಿವಿ ಹಿಂಡ್ತಾರೆ.” ಸ್ವಲ್ಪ ಹೊತ್ತು ಬಲೆಯ ನೂಲನ್ನು ಬೆರಳಿಗೆ ಸುತ್ತಿಕೊಂಡಳು. “ನಂಗೆ ಆ ನಲವತ್ತು ಬೇಡ. ಮೊದಲು ನಮ್ಮಪ್ಪಂಗೆ ನಿಜ ಗೊತ್ತಾಗಲಿ.”

“ಮೀನಿನ ಚೂರು ಅಂಟ್ಕೊಳ್ಳೋದು ಅಷ್ಟೊಂದು ಗಟ್ಟೀನಾ?” ಎಂದ ಲೂರ್ದು, ತನ್ನದೇ ಲೆಕ್ಕಾಚಾರದಲ್ಲಿ. “ಬಾಟಲಿ ಬರೀ ಪಕ್ಕದಲ್ಲಿತ್ತು. ಆದ್ರೂ ಮಿಷನ್ನಿಗೆ ಸಿಕ್ತು. ಅದು ಸುರಾ ಸಿಕ್ಕಿದ್ದಕ್ಕಿಂತ ಮಜಾ ಅಲ್ವಾ ಅಕ್ಕಾ?”

“ನಾನು ಒಣಗಿಸಿದ್ದು,” ಎಂದಳು ರೆಮಿ. “ರೇಡಿಯೋದಲ್ಲೂ ನಾನೇ ಹೇಳ್ತೀನಿ. ಆಡ್ಕೊಳ್ಳೋರು ಆಡ್ಕೊಳ್ಳಲಿ.”

ಶನಿವಾರ ಒಂಬತ್ತೂವರೆಗೆ ಐಸ್ ಕೋಣೆಯಲ್ಲಿ ಮಕ್ಕಳು ತುಂಬಿಕೊಂಡಿದ್ದರು. ಅಮಲೋರ್ಪವಮ್ ಕೂಡ ಬಂದಿದ್ದಳು. ಯಾರೂ ಕರೆದಿರಲಿಲ್ಲ. ಭಾನುವಾರದ ಪೂಜೆಗೆ ಉಡುವ ಸೀರೆ ಉಟ್ಟಿದ್ದಳು. ಮಡಿಲಿನಲ್ಲಿ ಕಾಗದದ ಪೊಟ್ಟಣ, ಅದರೊಳಗೆ ಉಪ್ಪು ಹಾಕಿದ ಒಂದು ನೆತ್ತಿಲಿ, ಹಾಕದ ಒಂದು. “ರೇಡಿಯೋದಲ್ಲಿ ಕಾಣಿಸಲ್ಲ ಅಂತ ಗೊತ್ತು ನಂಗೆ,” ಎಂದಳು ಯಾರೂ ಕೇಳದೆಯೇ. “ವಾಸನೆನಾದ್ರೂ ಹೋಗುತ್ತೋ ನೋಡೋಣ.”

ಪಾಕ್ಯನಾಥನ್ ಅಣ್ಣಾಚ್ಚಿ ಬಾಗಿಲಿಗೆ ಅಡ್ಡ ನಿಂತರು. “ಆ ಮೇಡಮ್ಮಂಗೆ ಫೋನ್ ಮಾಡಿದ್ಯಾ?”

“ಇಲ್ಲ ಅಣ್ಣಾಚ್ಚಿ.” ಬೆಳಿಗ್ಗೆಯಿಂದ ನಾಲ್ಕು ಸಲ ಫೋನ್ ಕೈಗೆತ್ತಿಕೊಂಡು ಕೆಳಗಿಟ್ಟಿದ್ದಳು.

“ನಲವತ್ತು ಸ್ಟೇಷನ್ ಕಣಮ್ಮಾ. ನಮ್ಮೂರ ಹೆಸರು ಯಾರು ಕೇಳಿದ್ದಾರೆ? ಇನ್ನೊಂದ್ಸಲ ಯೋಚನೆ ಮಾಡು.”

“ಅಣ್ಣಾಚ್ಚಿ, ಈ ಕೋಣೇಲಿ ಐಸ್ ಇದ್ದಾಗ ಕೆಟ್ಟ ಮೀನನ್ನ ಒಳ್ಳೇದು ಅಂತ ಹೇಳಿ ಯಾವತ್ತಾದ್ರೂ ಕಳಿಸಿದ್ರಾ?”

ಅವರು ಮೀಸೆ ನೀವಿಕೊಂಡರು. “ಕಳಿಸಿದ್ವಿ,” ಎಂದರು. “ಆಮೇಲೆ ಕೊಳ್ಳೋರೇ ಬರಲಿಲ್ಲ. ಅದಕ್ಕೇ ಈಗ ಐಸ್ ಕೋಣೇಲಿ ರೇಡಿಯೋ ಇದೆ.” ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

ಗೋಡೆಯ ಗಡಿಯಾರದಲ್ಲಿ ಹತ್ತಕ್ಕೆ ಎಂಟು ನಿಮಿಷವಿತ್ತು. ರೆಮಿ ಮೈಕಿನ ಮುಂದೆ ಎತ್ತರ ಸಾಲದೆ ಎರಡು ಮೀನಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದಿಟ್ಟು ಕುಳಿತಿದ್ದಳು. ಪೆಟ್ಟಿಗೆ ಜಾರಿದರೆ ಎಂದು ಪ್ರಿಸ್ಕಾ ಅದನ್ನು ಎರಡು ಸಲ ಅಲ್ಲಾಡಿಸಿ ನೋಡಿದಳು. ಆಮೇಲೆ ಫೋನ್ ತೆಗೆದು ನಂಬರು ಒತ್ತಿದಳು. ಆ ಕಡೆ ಮೊದಲ ರಿಂಗಿಗೇ ಎತ್ತಿದರು.

“ಅಬ್ಬಾ, ಪ್ರಿಸ್ಕಾ! ಇಲ್ಲಿ ಎಲ್ಲರೂ ಕಾಯ್ತಾ ಇದ್ದಾರೆ. ಹೂಂ ತಾನೇ?”

“ಇಲ್ಲ ಮೇಡಂ.” ಪ್ರಿಸ್ಕಾ ವರದಿಯನ್ನು ಮುಂದಿಟ್ಟುಕೊಂಡಳು. “ಮೂರೂ ಬಾಟಲಿ ಓದ್ತೀವಿ. ಸುರಾ ಬಂದಿದ್ದು ನಮ್ಮತ್ತೆ ಚಾಪೆಯಿಂದ. ಬಾಟಲಿ ಒಣಗಿಸಿದ ಹುಡುಗೀನೇ ಹೇಳ್ತಾಳೆ.”

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ತೇನ್‌ಮೊಳಿ ಮೇಡಂ ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳಿದರು: “ನೋಡಿ, ತಪ್ಪಾದ ಪ್ರಯೋಗವನ್ನ ನಲವತ್ತು ಕಡೆ ಹೇಗೆ ಕಳಿಸ್ಲಿ ನಾನು? ಹೀಗಾದ್ರೆ ಇದು ನಿಮ್ಮ ಊರಲ್ಲಿ ಮಾತ್ರ ಕೇಳಿಸುತ್ತೆ.”

“ಕೇಳಿಸಲಿ ಮೇಡಂ. ಆ ನೀರಲ್ಲಿ ಬಲೆ ಬೀಸೋರು ಈ ಊರೋರೇ.” ಪ್ರಿಸ್ಕಾ ಗಡಿಯಾರ ನೋಡಿದಳು. ಅತ್ತೆ ಪೊಟ್ಟಣ ಬಿಚ್ಚುತ್ತಿದ್ದಳು, ಕೋಣೆಯಲ್ಲಿ ವಾಸನೆ ಹರಡತೊಡಗಿತ್ತು. “ಇನ್ನೊಂದು ವಿಷಯ. ನಮಗೆ ಹೊಸ ಬಾಟಲಿ ಆರು ಬೇಕು. ಆರಕ್ಕೂ ಕುದಿಸಿ ಆರಿಸಿದ ನಲ್ಲಿ ನೀರನ್ನೇ ತುಂಬ್ತೀವಿ. ಮೂರನ್ನ ಮನೆಯೊಳಗೆ ಒಣಗಿಸ್ತೀವಿ, ಮೂರನ್ನ ಬೇಕೂಂತಲೇ ಚಾಪೆ ಮೇಲೆ. ಚಾಪೆ ಮೇಲೆ ಏನೇನಿತ್ತು ಅಂತ ನಮ್ಮತ್ತೆ ಬರೆಸ್ತಾರೆ. ನಿಮ್ಮ ಮಿಷನ್ನು ಅದನ್ನ ಸರಿಯಾಗಿ ಓದುತ್ತೋ ಇಲ್ವೋ ಅಂತ ನಮ್ಮ ಮಕ್ಕಳು ನೋಡ್ತಾರೆ. ನೀವು ಕಳಿಸಿಕೊಟ್ರೆ ಸರಿ. ಇಲ್ಲಾಂದ್ರೆ ಪ್ರಯೋಗಾಲಯದೋರ ನಂಬರ್ ಕೊಡಿ, ಬರ್ಕೋತೀನಿ. ಹೇಳಿ ಮೇಡಂ, ಪೆನ್ನು ಕೈಲಿದೆ.”